ಗಂಟೆಗೆ ಎಷ್ಟು ಗ್ರಾಂ? ದೂರದ ಸೈಕಲ್ ಸವಾರಿಯ ಬಾಟಲಿ ಲೆಕ್ಕ

ಕೆಲವು ವರ್ಷಗಳ ಹಿಂದೆ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಶುರುವಾಗುವ ಜಾಗದಲ್ಲಿ ಬೆಳಗಿನ ಜಾವ ಕೇಳಿಬರುತ್ತಿದ್ದ ಮಾತೆಲ್ಲ ಟೈರು, ಲೈಟು, ಎದುರು ಗಾಳಿಯದ್ದು. ಈಗಿನ ಪ್ರಶ್ನೆ ಬೇರೆ. "ಗಂಟೆಗೆ ಎಷ್ಟು ಗ್ರಾಂ ತಗೋತೀರಾ?" ಗ್ರಾಂ ಅಂದರೆ ಕಾರ್ಬೋಹೈಡ್ರೇಟಿನ ಲೆಕ್ಕ. ಸವಾರರ ಬಾಯಲ್ಲಿ ಅದು ಬರೀ ಕಾರ್ಬ್. ಒಬ್ಬರು 60 ಅನ್ನುತ್ತಾರೆ, ಇನ್ನೊಬ್ಬರು 90. ಮೊದಲ 200 ಕಿಲೋಮೀಟರ್ ಬ್ರೆವೆಗೆ ಬಂದಿದ್ದ ಹುಡುಗನೊಬ್ಬ ಒಮ್ಮೆ 120 ಅಂದ. ಟೂರ್ ದ ಫ್ರಾನ್ಸ್‌ ಸವಾರರು ಅಷ್ಟು ಕುಡಿಯುತ್ತಾರೆ, ಹಾಗಾಗಿ ತಾನೂ ಅಷ್ಟೇ ಕಲಸಿಕೊಂಡು ಬಂದಿದ್ದೇನೆ ಅಂದ. ನೂರು ಕಿಲೋಮೀಟರ್ ದಾಟುವ ಮೊದಲೇ ಅವನು ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ.

ನಾನು ಮಾಡಿದ ತಪ್ಪು ಇದರ ಉಲ್ಟಾ. ನನ್ನ ಮೊದಲ 300ರಲ್ಲಿ ಎರಡೂ ಬಾಟಲಿಯಲ್ಲಿ ಇದ್ದದ್ದು ಸುಮ್ನೆ ನೀರು. ಸಕ್ಕರೆ ಕೆಟ್ಟದ್ದು ಅನ್ನೋದು ತಲೆಯಲ್ಲಿ ಕೂತಿತ್ತು. ಗೌರಿಬಿದನೂರು ದಾಟಿ ಸ್ವಲ್ಪ ದೂರಕ್ಕೆ ಕಾಲು ನಿಂತೇ ಹೋಯಿತು. ನೋವಿಲ್ಲ, ಏದುಸಿರಿಲ್ಲ. ಶಕ್ತಿ ಮಾತ್ರ ಇಲ್ಲ. ಕೈ ನಡುಗುತ್ತಿತ್ತು, ಇನ್ನೆಷ್ಟು ಕಿಲೋಮೀಟರ್ ಉಳಿದಿದೆ ಅನ್ನುವ ಸಣ್ಣ ಲೆಕ್ಕವೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಂಗಡಿಯಾಕೆ ನನ್ನ ಮುಖ ನೋಡಿ, ಕೇಳದೇ ಟೀಗೆ ಜಾಸ್ತಿ ಸಕ್ಕರೆ ಹಾಕಿ ಕೊಟ್ಟರು. ಎರಡು ಲೋಟ ಟೀ, ಒಂದು ಪ್ಯಾಕೆಟ್ ಬಿಸ್ಕತ್ತು. ಇಪ್ಪತ್ತು ನಿಮಿಷದಲ್ಲಿ ಮತ್ತೆ ಮನುಷ್ಯನಾದೆ.

ಇದಕ್ಕೆ ಸವಾರರು 'ಬಾಂಕ್ ಆಯ್ತು' ಅನ್ನುತ್ತಾರೆ. ಬಾಂಕ್ ಆಗುವುದಕ್ಕೂ ದಣಿಯುವುದಕ್ಕೂ ವ್ಯತ್ಯಾಸ ಇದೆ. ಇದು ಇಂಧನ ಖಾಲಿಯಾಗುವ ಸ್ಥಿತಿ. ನಮ್ಮ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಇನ್ನೊಂದು 100 ಗ್ರಾಂ ಹತ್ತಿರ ಗ್ಲೈಕೋಜನ್ ಇರುತ್ತದೆ. ಗ್ಲೂಕೋಸನ್ನು ಪೋಣಿಸಿ ಇಟ್ಟ ದಾಸ್ತಾನು ಅದು. ಎಲ್ಲ ಸೇರಿದರೂ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಕೊಬ್ಬಿನ ದಾಸ್ತಾನು ಹಾಗಲ್ಲ. ತೆಳ್ಳಗಿನ ಮನುಷ್ಯನ ಮೈಯಲ್ಲೂ ಹತ್ತಾರು ಸಾವಿರ ಕ್ಯಾಲೊರಿ ಕೊಬ್ಬು ಕೂತಿರುತ್ತದೆ. ಆದರೆ ಕೊಬ್ಬು ನಿಧಾನವಾಗಿ ಉರಿಯುವ ಸೌದೆ. ಏರು ಬಂದಾಗ, ವೇಗ ಬೇಕಾದಾಗ ಕಾಲು ಕೇಳುವುದು ಗ್ಲೂಕೋಸನ್ನೇ. ಮಿದುಳಿಗೂ ರಕ್ತದಲ್ಲಿರುವ ಗ್ಲೂಕೋಸೇ ಬೇಕು. ಯಕೃತ್ತು ಖಾಲಿಯಾದರೆ ಮೊದಲು ಮಂಕಾಗುವುದು ತಲೆ. ನನಗೆ ಲೆಕ್ಕ ತಪ್ಪಿದ್ದು ಅದಕ್ಕೇ.

ಇದು ಹೊಸ ಜ್ಞಾನವೇನಲ್ಲ. 1924ರಲ್ಲಿ ಬೋಸ್ಟನ್ ಮ್ಯಾರಥಾನ್ ಮುಗಿಸಿದ ಓಟಗಾರರ ರಕ್ತ ಪರೀಕ್ಷೆ ಮಾಡಿದ ವೈದ್ಯರು, ತೀರಾ ಬಳಲಿದವರಲ್ಲಿ ಸಕ್ಕರೆ ಅಂಶ ಬಹಳ ಇಳಿದಿರುವುದನ್ನು ಕಂಡರು. ಮರುವರ್ಷ ಕೆಲವರಿಗೆ ಓಟದ ನಡುವೆ ಸಕ್ಕರೆ ಮಿಠಾಯಿ ಕೊಟ್ಟರು, ಅವರು ಚೆನ್ನಾಗಿ ಮುಗಿಸಿದರು. ಸೈಕಲ್ ಮೇಲೇ ನಡೆದ, ಈಗಲೂ ಜನ ನೆನೆಯುವ ಪ್ರಯೋಗ 1986ರದ್ದು. ಪಳಗಿದ ಏಳು ಸವಾರರು ಒಂದೇ ಶ್ರಮದಲ್ಲಿ ಪೆಡಲ್ ತುಳಿದರು. ಬರೀ ಸಿಹಿ ರುಚಿಯ ನೀರು ಕುಡಿದಾಗ ಮೂರು ಗಂಟೆಗೆ ಕೈಚೆಲ್ಲಿದರು. ಕಾರ್ಬೋಹೈಡ್ರೇಟ್ ಇದ್ದ ಪಾನೀಯ ಕುಡಿದಾಗ ನಾಲ್ಕು ಗಂಟೆ ಎಳೆದರು. ಕಾಲು ಅದೇ, ಸೈಕಲ್ಲೂ ಅದೇ. ಬಾಟಲಿ ಬದಲಾಗಿದ್ದಕ್ಕೆ ಸಿಕ್ಕಿದ್ದು ಒಂದು ಗಂಟೆ.

ಹಾಗಾದರೆ ಜಾಸ್ತಿ ಕುಡಿದಷ್ಟೂ ಒಳ್ಳೆಯದಲ್ವಾ? ಇಲ್ಲೇ ಕರುಳಿನ ವಿಷಯ ಬರುತ್ತದೆ. ಬ್ರೆವೆ ಸವಾರರಿಗೆ ಇದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರಬೇಕು.

ಕುಡಿದ ಸಕ್ಕರೆ ಹೊಟ್ಟೆಯಲ್ಲಿ ಇದ್ದರೆ ಏನೂ ಪ್ರಯೋಜನ ಇಲ್ಲ. ಸಣ್ಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಬೇಕು. ಗೋಡೆಯಲ್ಲಿ ಅದಕ್ಕೆ ಬಾಗಿಲುಗಳಿವೆ. ಗ್ಲೂಕೋಸ್ ಹೋಗುವ ಬಾಗಿಲಿಗೆ ಎಸ್‌ಜಿಎಲ್‌ಟಿ-1 ಅಂತ ಹೆಸರು. ಅದು ಗ್ಲೂಕೋಸನ್ನು ಸೋಡಿಯಂ ಜೊತೆಗೆ ಮಾತ್ರ ಒಳಗೆ ಬಿಡುತ್ತದೆ. ಎಷ್ಟೇ ನುಗ್ಗಿದರೂ ಗಂಟೆಗೆ 60 ಗ್ರಾಂ ಆಸುಪಾಸಿಗೆ ಬಾಗಿಲು ತುಂಬಿಹೋಗುತ್ತದೆ. ಉಳಿದದ್ದು ಕರುಳಿನಲ್ಲೇ ನಿಂತು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ವಾಕರಿಕೆ, ಭೇದಿ ಎಲ್ಲ ಅದರಿಂದಲೇ. ಬರೀ ಗ್ಲೂಕೋಸ್ ಪುಡಿ ಕಲಸಿಕೊಂಡು ಹೋಗುವವರಿಗೆ ಈ ಮಿತಿ ಬೇಗ ಎದುರಾಗುತ್ತದೆ.

ಫ್ರಕ್ಟೋಸಿಗೆ ಬೇರೆ ಬಾಗಿಲಿದೆ. ಅದರ ಹೆಸರು ಗ್ಲಟ್-5. ಎರಡೂ ಬಾಗಿಲನ್ನು ಒಟ್ಟಿಗೆ ಬಳಸಿದರೆ ಗಂಟೆಗೆ 90 ಗ್ರಾಂವರೆಗೂ ಒಳಗೆ ಹೋಗಬಹುದು ಅನ್ನುವುದನ್ನು ಆಸ್ಕರ್ ಯೂಕೆನ್‌ಡ್ರಪ್ ಮತ್ತು ಜೊತೆಗಾರರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 2000ದ ದಶಕದಲ್ಲಿ ತೋರಿಸಿದರು. ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಪುಡಿಗಳ ಮೂಲ ಆ ಕೆಲಸವೇ. ಮೊದಲು ಎರಡು ಪಾಲು ಗ್ಲೂಕೋಸಿಗೆ ಒಂದು ಪಾಲು ಫ್ರಕ್ಟೋಸ್ ಅನ್ನುತ್ತಿದ್ದರು. ಈಗ ಒಂದಕ್ಕೆ 0.8 ಅನ್ನುವ ಅಳತೆ ಜಾಸ್ತಿ ಚಾಲ್ತಿಯಲ್ಲಿದೆ. ಪುಡಿಗಳಲ್ಲಿ ಗ್ಲೂಕೋಸಿನ ಬದಲು ಮಾಲ್ಟೋಡೆಕ್ಸ್‌ಟ್ರಿನ್ ಇರುತ್ತದೆ. ಮೆಕ್ಕೆಜೋಳದಂಥ ಧಾನ್ಯದ ಪಿಷ್ಟವನ್ನು ಒಡೆದು ಮಾಡಿದ ಗ್ಲೂಕೋಸಿನ ಸಣ್ಣ ಸರಪಳಿ ಅದು. ಸಿಹಿ ತೀರಾ ಕಡಿಮೆ, ಕರುಳಿನಲ್ಲಿ ಬೇಗ ಬಿಡಿಬಿಡಿಯಾಗುತ್ತದೆ.

ಸೋಡಿಯಂ ಜೊತೆಗೆ ಗ್ಲೂಕೋಸ್ ಒಳಹೋಗುವ ಈ ಬಾಗಿಲಿನ ವಿಚಾರ ಮೊದಲು ಉಪಯೋಗಕ್ಕೆ ಬಂದದ್ದು ಆಟದ ಮೈದಾನದಲ್ಲಿ ಅಲ್ಲ. ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದರು. ಕಾಲರಾ ಹಬ್ಬಿತು. ಡ್ರಿಪ್ ಬಾಟಲಿ ಸಾಲಲಿಲ್ಲ. ಆಗ ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ಸಾವಿನ ಪ್ರಮಾಣ ಶೇ 30ರ ಹತ್ತಿರದಿಂದ ಶೇ 4ಕ್ಕೂ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ನನ್ನ ಬಾಟಲಿಗೆ ಚಿಟಿಕೆ ಉಪ್ಪು ಹಾಕುವಾಗೆಲ್ಲ ಅವರ ನೆನಪಾಗುತ್ತದೆ.

ಅಷ್ಟಕ್ಕೇ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಇಂಥ ಉಪ್ಪು-ಗ್ಲೂಕೋಸ್ ನೀರು) ಮತ್ತು ಸವಾರಿಯ ಪಾನೀಯ ಒಂದೇ ಅಂದುಕೊಳ್ಳಬಾರದು. ನಮ್ಮಲ್ಲಿ ಈ ಗೊಂದಲ ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಅಂದರೆ 54 ಕ್ಯಾಲೊರಿ. ಅದರ ಕೆಲಸ ನೀರನ್ನು ಒಳಗೆ ಎಳೆಯುವುದು, ಕಾಲಿಗೆ ಇಂಧನ ಕೊಡುವುದಲ್ಲ. ಇಡೀ ದಿನ ಓಆರ್‌ಎಸ್ ಕುಡಿದು "ಆದರೂ ಬಾಂಕ್ ಆಯ್ತಲ್ಲ" ಅಂತ ಅಚ್ಚರಿಪಟ್ಟವರು ನನಗೆ ಎಷ್ಟೋ ಜನ ಗೊತ್ತು. ಇದರ ಇನ್ನೊಂದು ಮುಖ ಇನ್ನೂ ಗಂಭೀರ. ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರಿನಲ್ಲಿ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಭೇದಿಯಾದ ಮಗುವಿಗೆ ಜನ ಅದನ್ನೇ ಕುಡಿಸುತ್ತಿದ್ದರು. ಅಷ್ಟೊಂದು ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಸೂತ್ರಕ್ಕೆ ಹೊಂದದ ಪಾನೀಯದ ಹೆಸರಿನಲ್ಲಿ ಓಆರ್‌ಎಸ್ ಪದ ಇರಕೂಡದು ಅಂತ ಆದೇಶ ಮಾಡಿತು. ಆರು ಗಂಟೆ ಪೆಡಲ್ ತುಳಿಯುವವನಿಗೆ ಬೇಕಾದ ಸಕ್ಕರೆ, ಭೇದಿಯಾದ ಮಗುವಿಗೆ ವಿಷದಂತೆ. ಬಾಗಿಲು ಒಂದೇ ಆದರೂ ಕೆಲಸ ಎರಡು.

ಈಗ 120ರ ವಿಷಯ. ಟೂರ್ ದ ಫ್ರಾನ್ಸ್‌ ಸವಾರರು ಗಂಟೆಗೆ 100, 120 ಗ್ರಾಂ ತೆಗೆದುಕೊಳ್ಳುವುದು ನಿಜ. ಯಾಕೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ.

ಪೆಡಲಿಗೆ ಹಾಕುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುತ್ತೇವೆ. 120 ವ್ಯಾಟ್‌ನಲ್ಲಿ ಒಂದು ಗಂಟೆ ತುಳಿದರೆ 432 ಕಿಲೋಜೂಲ್ ಕೆಲಸ. ಒಂದು ಕ್ಯಾಲೊರಿ ಅಂದರೆ 4.18 ಕಿಲೋಜೂಲ್. ಆದರೆ ದೇಹ ಉರಿಸಿದ್ದರಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಒಂದಕ್ಕೊಂದು ವಜಾ ಆಗಿ, ಕಿಲೋಜೂಲ್ ಎಷ್ಟೋ ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ 430 ಕ್ಯಾಲೊರಿ ಅಂತಿಟ್ಟುಕೊಳ್ಳಿ. ಮಾತಾಡುತ್ತಾ ತುಳಿಯಬಲ್ಲ ಆ ವೇಗದಲ್ಲಿ ಸುಮಾರು ಅರ್ಧ ಕೊಬ್ಬಿನಿಂದ, ಅರ್ಧ ಕಾರ್ಬ್‌ನಿಂದ ಬರುತ್ತದೆ. ಒಂದು ಗ್ರಾಂ ಕಾರ್ಬ್ ಅಂದರೆ ನಾಲ್ಕು ಕ್ಯಾಲೊರಿ, ಹಾಗಾಗಿ 215 ಕ್ಯಾಲೊರಿಯನ್ನು ನಾಲ್ಕರಿಂದ ಭಾಗಿಸಿ. ಗಂಟೆಗೆ 54 ಗ್ರಾಂ. ಇಷ್ಟೇ ಉರಿಯುವುದು.

ಅದೇ ವೃತ್ತಿಪರ ಸವಾರ ಕಠಿಣ ದಿನದಲ್ಲಿ 280 ವ್ಯಾಟ್ ಸರಾಸರಿ ಹಾಕುತ್ತಾನೆ ಅನ್ನೋಣ. ಗಂಟೆಗೆ ಸಾವಿರ ಕ್ಯಾಲೊರಿ. ಅದರಲ್ಲಿ ಮುಕ್ಕಾಲು ಕಾರ್ಬ್ ಅಂದರೆ 190 ಗ್ರಾಂ ಹತ್ತಿರ ಉರಿಯುತ್ತದೆ. 120 ಕುಡಿದರೂ ಅವನಿಗೆ ಕೊರತೆಯೇ. ಜೊತೆಗೆ ನಾಳೆ ಮತ್ತೆ ಓಡಿಸಬೇಕು, ಹೀಗೆ ಮೂರು ವಾರ. ನಮ್ಮ 200 ಕಿಲೋಮೀಟರ್ ಬ್ರೆವೆಗೆ ಹದಿಮೂರೂವರೆ ಗಂಟೆ ಸಮಯ ಇದೆ. 600ಕ್ಕೆ 40 ಗಂಟೆ. ಇಲ್ಲಿ 120 ಗ್ರಾಂ ಕುಡಿಯುವವನು ಉರಿಯುವುದರ ಎರಡು ಪಟ್ಟು ಸುರಿಯುತ್ತಿದ್ದಾನೆ. ಆ ಹುಡುಗನ ಹೊಟ್ಟೆ ಅದನ್ನೇ ಹೊರಗೆ ಹಾಕಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬ್ರೆವೆ ವೇಗದಲ್ಲಿ ಹೋಗುವ ನಮ್ಮಂಥವರಿಗೆ ಗಂಟೆಗೆ 40ರಿಂದ 60 ಗ್ರಾಂ ಸಾಕು. ಮೊದಲ ಗಂಟೆಯಿಂದ ಕೊನೆ ಗಂಟೆವರೆಗೆ ತಪ್ಪದೇ ತೆಗೆದುಕೊಂಡರೆ ಸಾಕು. ಬಹಳಷ್ಟು ಜನ ಸೋಲುವುದು ಜಾಸ್ತಿ ಕುಡಿದು ಅಲ್ಲ, ಮೊದಲ ಮೂರು ಗಂಟೆ ಏನೂ ತೆಗೆದುಕೊಳ್ಳದೆ. ಬೆಳಗಿನ ತಂಪಿನಲ್ಲಿ ಹಸಿವೂ ಇರುವುದಿಲ್ಲ, ಬಾಯಾರಿಕೆಯೂ ಇರುವುದಿಲ್ಲ. ದಾಸ್ತಾನು ಕರಗುವುದು ಆಗಲೇ. ಗುಂಪಿನ ಮುಂದೆ ಎಳೆಯುವವರು, ರೇಸ್ ಮಾಡುವವರು 80, 90ಕ್ಕೆ ಹೋಗಲಿ. ಆದರೆ ವಾರಗಟ್ಟಲೆ ಅಭ್ಯಾಸದ ಸವಾರಿಯಲ್ಲಿ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಬೇಕು. ಕಾಲಿನ ಹಾಗೆ ಕರುಳೂ ಪಳಗುತ್ತದೆ. ಎರಡು ವಾರ ದಿನಾ ರೂಢಿ ಮಾಡಿಸಿದರೂ ಹೊಟ್ಟೆಯ ತಕರಾರು ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ.

ಇನ್ನು ಏನನ್ನು ಕಲಸುವುದು? ನಾನು ಬಹಳ ದಿನ ದುಬಾರಿ ಸ್ಯಾಶೆಗಳನ್ನೇ ನಂಬಿದ್ದೆ. ಒಂದು ದಿನ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಕೂತು ಓದಿದೆ. ಮಾಲ್ಟೋಡೆಕ್ಸ್‌ಟ್ರಿನ್, ಫ್ರಕ್ಟೋಸ್, ಉಪ್ಪು, ಹುಳಿ. ಆಮೇಲೆ ಅಡುಗೆಮನೆಯ ಸಕ್ಕರೆ ಡಬ್ಬಿ ನೋಡಿದೆ. ಸಕ್ಕರೆ ಅಂದರೆ ಸುಕ್ರೋಸ್. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈಕೈ ಹಿಡಿದ ಜೋಡಿ. ಕರುಳಿನ ಗೋಡೆಯ ಹತ್ತಿರ ಬಂದಾಗ ಜೋಡಿ ಬಿಡಿಸಿಕೊಳ್ಳುತ್ತದೆ, ಎರಡೂ ತಮ್ಮತಮ್ಮ ಬಾಗಿಲಿಗೆ ಹೋಗುತ್ತವೆ. ಅಂದರೆ ಒಂದಕ್ಕೊಂದರ ಅಳತೆ ಮೊದಲೇ ಇದೆ. 80 ಗ್ರಾಂ ಸಕ್ಕರೆಗೆ 10 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿ ನೋಡಿ. ಗ್ಲೂಕೋಸ್ 50, ಫ್ರಕ್ಟೋಸ್ 40. ಸರಿಯಾಗಿ ಒಂದಕ್ಕೆ 0.8! ಹಳೆಯ ಎರಡಕ್ಕೆ ಒಂದರ ಅಳತೆ ಬೇಕೆಂದರೆ 50 ಗ್ರಾಂ ಸಕ್ಕರೆಗೆ 25 ಗ್ರಾಂ ಮಾಲ್ಟೋ. ಇದನ್ನು ಕಂಡ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ನಾನು ಈಗ ಮುಕ್ಕಾಲು ಲೀಟರ್ ಬಾಟಲಿಗೆ 50 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು ಹಾಕುತ್ತೇನೆ. 50 ಗ್ರಾಂ ಅಂದರೆ ಟೀ ಚಮಚದಲ್ಲಿ ಸುಮಾರು ಹನ್ನೆರಡು. ಒಂದೆರಡು ಸಲ ಅಡುಗೆ ತಕ್ಕಡಿಯಲ್ಲಿ ತೂಗಿ ಕೈ ಅಳತೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇದು ನೂರಕ್ಕೆ ಆರೇಳು ಗ್ರಾಂ ಗಟ್ಟಿ. ಹೊಟ್ಟೆಯಿಂದ ಬೇಗ ಇಳಿಯುತ್ತದೆ. ಹತ್ತು ದಾಟಿದರೆ ಇಳಿಯುವುದು ನಿಧಾನ. ಬೆಲ್ಲದಲ್ಲೂ ಮುಖ್ಯವಾಗಿ ಇರುವುದು ಸುಕ್ರೋಸೇ, ಹಾಗಾಗಿ ರಾಮನವಮಿಯ ಪಾನಕಕ್ಕೆ ಉಪ್ಪು ಸೇರಿಸಿದರೆ ಅದೂ ಒಳ್ಳೆಯ ಸವಾರಿ ಪಾನೀಯವೇ. ಮೆಣಸು ಮಾತ್ರ ಕಡಿಮೆ ಇರಲಿ.

ಹಾಗಾದರೆ ಕಂಪನಿ ಪುಡಿ ದಂಡವೇ? ಅಲ್ಲ. ಸಕ್ಕರೆಗೆ ದೊಡ್ಡ ತೊಂದರೆ ಅದರ ಸಿಹಿ. ಐದು ಗಂಟೆ ಆದ ಮೇಲೆ ನಾಲಿಗೆ ಬೇಡ ಅನ್ನುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಜಾಸ್ತಿ ಇರುವ ಪುಡಿ ಅಷ್ಟು ಸಿಹಿ ಇರುವುದಿಲ್ಲ, ಒಂದೇ ಬಾಟಲಿಗೆ ಜಾಸ್ತಿ ಗ್ರಾಂ ತುಂಬಬಹುದು. ರಾತ್ರಿ ಎರಡು ಗಂಟೆಗೆ ಹೆದ್ದಾರಿ ಬದಿ ನಿಂತು, ಹೆಡ್‌ಲೈಟ್ ಬೆಳಕಿನಲ್ಲಿ ಸ್ಯಾಶೆ ಹರಿದು ಸುರಿದು ಹೊರಡುವ ಅನುಕೂಲಕ್ಕೂ ಬೆಲೆ ಇದೆ. ಸ್ವೀಡನ್ನಿನ ಮೌರ್ಟೆನ್ ಕಂಪನಿ ಸಮುದ್ರ ಪಾಚಿಯ ಆಲ್ಜಿನೇಟ್ ಮತ್ತು ಪೆಕ್ಟಿನ್ ಬಳಸಿ, ಹೊಟ್ಟೆಯಲ್ಲಿ ಜೆಲ್ ಆಗುವ ಪಾನೀಯ ತಂದಿತು. ಅರ್ಧ ಲೀಟರಿಗೆ 80 ಗ್ರಾಂ ಹಿಡಿಸುತ್ತದೆ. ಕೆಲವರ ಹೊಟ್ಟೆಗೆ ಅದು ಹಿತ. ಆದರೆ ಅಷ್ಟೇ ಗ್ರಾಂನ ಸಾಮಾನ್ಯ ಮಿಶ್ರಣದ ಜೊತೆ ಹೋಲಿಸಿದಾಗ ಕಾಲಿಗೆ ಸಿಗುವ ಇಂಧನದಲ್ಲಿ ದೊಡ್ಡ ವ್ಯತ್ಯಾಸ ಸ್ವತಂತ್ರ ಪರೀಕ್ಷೆಗಳಲ್ಲಿ ಅಷ್ಟಾಗಿ ಕಂಡಿಲ್ಲ.

ನಮ್ಮ ಬಿಸಿಲಿನ ಮಾತು ಬೇರೆಯೇ. ವಿದೇಶದ ಶಿಫಾರಸುಗಳನ್ನು ಓದುವಾಗ ಇದನ್ನು ಮರೆಯುತ್ತೇವೆ. ಸೆಕೆಯಲ್ಲಿ ರಕ್ತ ಚರ್ಮದ ಕಡೆಗೂ ಸ್ನಾಯುವಿನ ಕಡೆಗೂ ಹರಿಯುತ್ತದೆ, ಕರುಳಿಗೆ ಸಿಗುವುದು ಕಡಿಮೆ. ಕುಡಿದ ಗ್ಲೂಕೋಸ್ ಉರಿಯುವ ಪ್ರಮಾಣವೂ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರು, ಬಳ್ಳಾರಿ ಕಡೆ ತುಳಿಯುವಾಗ ಬೆಳಿಗ್ಗೆ ಇಳಿದ 60 ಗ್ರಾಂ ಇಳಿಯುವುದಿಲ್ಲ. ಆಗ ಬಾಟಲಿಯನ್ನು ತೆಳು ಮಾಡಬೇಕು, ವೇಗ ಇಳಿಸಬೇಕು. ಒಂದು ಬಾಟಲಿಯಲ್ಲಿ ಕಾರ್ಬ್, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಂಡರೆ ಹದ ಮಾಡುವುದು ಸುಲಭ. ಬಾಯಾರಿಕೆ ಆದಾಗ ಕುಡಿಯಿರಿ, ಸುಮ್ಮಸುಮ್ಮನೆ ಲೀಟರುಗಟ್ಟಲೆ ನೀರು ತುಂಬಿಕೊಳ್ಳಬೇಡಿ. ರಕ್ತದ ಸೋಡಿಯಂ ಇಳಿದರೆ ಪ್ರಾಣಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13ರಷ್ಟು ಜನರ ಸೋಡಿಯಂ ಕಡಿಮೆ ಇತ್ತು. ಓಟದ ನಡುವೆ ತೂಕ ಏರುವಷ್ಟು ಕುಡಿದವರಿಗೇ ಅಪಾಯ ಜಾಸ್ತಿ ಇತ್ತು.

ರಸ್ತೆ ಬದಿಯಲ್ಲೇ ಬೇಕಾದಷ್ಟು ಸಿಗುತ್ತದೆ. ಮಂಡ್ಯದ ಕಡೆ ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಂ ಹತ್ತಿರ ಸಕ್ಕರೆ ಇರುತ್ತದೆ, ಐಸ್ ಬೇಡ ಅನ್ನಿ. ಎಳನೀರಿನ ಬಗ್ಗೆ ನಮಗೆ ಪ್ರೀತಿ ಜಾಸ್ತಿ, ನನಗೂ ಅಷ್ಟೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ, ಸಕ್ಕರೆಯೂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಏನಾದರೂ ತಿನ್ನಬೇಕು. 300 ದಾಟಿದ ಸವಾರಿಯಲ್ಲಿ ಬರೀ ಪಾನೀಯದ ಮೇಲೆ ಯಾರೂ ನಿಲ್ಲಲಾರರು. ಇಡ್ಲಿ, ಚಿತ್ರಾನ್ನ, ಬಾಳೆಹಣ್ಣು, ಮಜ್ಜಿಗೆ. ನಾಲಿಗೆಗೆ ಉಪ್ಪು ಹುಳಿ ಸಿಕ್ಕಿದರೆ ಮತ್ತೆ ಸಿಹಿ ಒಳಗೆ ಹೋಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಇದನ್ನೆಲ್ಲ ವೈದ್ಯರ ಜೊತೆ ಮಾತಾಡದೆ ಮಾಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಖಂಡಿತ. ಉಳಿದವರೂ ನೆನಪಿಡಬೇಕಾದ್ದು: ಪೆಡಲ್ ತುಳಿಯುವಾಗ ಸ್ನಾಯು ಗ್ಲೂಕೋಸನ್ನು ಹೆಚ್ಚು ಇನ್ಸುಲಿನ್ ಇಲ್ಲದೆಯೂ ಎಳೆದುಕೊಳ್ಳುತ್ತದೆ. ಸೋಫಾ ಮೇಲೆ ಹಾಗಲ್ಲ. ಒಂದು ಗಂಟೆಯ ಬೆಳಗಿನ ಸವಾರಿಗೆ ಈ ಬಾಟಲಿ ಬೇಡವೇ ಬೇಡ.

ಪುಡಿ ಮಾಡುವ ಕಂಪನಿಗಳಿಂದ ನನಗೆ ಬೇಕಾದದ್ದು ಒಂದೇ. ಪ್ಯಾಕೆಟ್ಟಿನ ಮೇಲೆ ಗ್ಲೂಕೋಸ್ ಮೂಲದ್ದು ಎಷ್ಟು ಗ್ರಾಂ, ಫ್ರಕ್ಟೋಸ್ ಎಷ್ಟು ಗ್ರಾಂ, ಸೋಡಿಯಂ ಎಷ್ಟು ಅಂತ ಬೇರೆಬೇರೆಯಾಗಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಿರಿ. ಈಗ ಎಷ್ಟೋ ಪುಡಿಗಳಲ್ಲಿ 'ಒಟ್ಟು ಕಾರ್ಬ್' ಅಂತ ಒಂದೇ ಸಾಲು ಇರುತ್ತದೆ. ಅದರಿಂದ ಯಾವ ಬಾಗಿಲಿಗೆ ಎಷ್ಟು ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ. ಓಆರ್‌ಎಸ್ ಹೆಸರಿನ ವಿಷಯದಲ್ಲಿ ಪ್ರಾಧಿಕಾರ ತೋರಿದ ಗಟ್ಟಿತನ ಇಲ್ಲೂ ಬೇಕು.

ಫ್ರಾನ್ಸಿನ ಹೆಸರಾಂತ ಬ್ರೆವೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಮುಂದೆ ನಡೆಯುವುದು 2027ರಲ್ಲಿ. 1,200 ಕಿಲೋಮೀಟರ್, 90 ಗಂಟೆ. ಅದಕ್ಕೆ ಅರ್ಹರಾಗಲು 200, 300, 400, 600 ಮುಗಿಸಬೇಕಾದವರು ಇಲ್ಲೂ ಬಹಳ ಜನ ಇದ್ದಾರೆ. ಅವರು ಮುಂದಿನ ಭಾನುವಾರದ ನೂರು ಕಿಲೋಮೀಟರಿಗೆ ಒಂದು ಬಾಟಲಿ ಕಲಸಿಕೊಂಡು ಹೋಗಲಿ. ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು. ಹೊಟ್ಟೆ ಬೇಡ ಅಂದರೆ ಒಂದು ಅರ್ಧ ಗಂಟೆ ನಿಧಾನವಾಗಿ ತುಳಿದು, ಬರೀ ನೀರು ಕುಡಿದು, ಮತ್ತೆ ಶುರುಮಾಡಲಿ. ಮನೆಗೆ ಬಂದ ಕೂಡಲೇ ಬಾಟಲಿಯನ್ನು ಬಿಸಿ ನೀರಿನಲ್ಲಿ ತೊಳೆದಿಡಲಿ. ಸಕ್ಕರೆ ನೀರು ಒಂದು ರಾತ್ರಿ ನಿಂತರೂ ಮುಚ್ಚಳದ ಸಂದಿಯಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ.